ದ್ವೀಪ ಅಂತೀರಿ, ನೀರೆಲ್ಲಿದೆ ಸ್ವಾಮಿ?

ಶ್ರೀರಂಗಪಟ್ಟಣ ಒಂದು ದ್ವೀಪ ಅಂದರೆ ಸಾಕು, ಬೆಂಗಳೂರಿನವರು ಎಗರಿಬೀಳುತ್ತಾರೆ. "ಎಷ್ಟು ಸಲ ಮೈಸೂರಿಗೆ ಹೋಗಿಲ್ಲ ನಾವು, ದ್ವೀಪ ಎಲ್ಲಿ ಬಂತು? ನೀರೇ ಕಾಣಲಿಲ್ಲವಲ್ಲ!" ಕೇಳುವ ಧಾಟಿ ನೋಡಿದರೆ ಕಾವೇರಿಯನ್ನು ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಅನ್ನಬೇಕು. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ಎಕ್ಸ್‌ಪ್ರೆಸ್‌ವೇಯ ಬೈಪಾಸ್ ಹಿಡಿದು ನೂರರ ಸ್ಪೀಡಿನಲ್ಲಿ ಹೋದರೆ ಊರೇ ಸಿಗುವುದಿಲ್ಲ, ದ್ವೀಪ ಎಲ್ಲಿಂದ ಸಿಗಬೇಕು? ರೈಲಿನಲ್ಲಿ ಬನ್ನಿ. ಪಾಂಡವಪುರ ಬಿಟ್ಟ ಮೇಲೆ ಸೇತುವೆ ಬರುತ್ತದೆ, ಅದು ಕಾವೇರಿಯ ಉತ್ತರದ ಕವಲು. ಶ್ರೀರಂಗಪಟ್ಟಣ ಸ್ಟೇಷನ್ ದಾಟಿದರೆ ಇನ್ನೊಂದು ಸೇತುವೆ, ಅದು ದಕ್ಷಿಣದ್ದು. ನಡುವೆ ಇರುವುದೇ ದ್ವೀಪ. ಉದ್ದ ಸುಮಾರು 5 ಕಿಲೋಮೀಟರ್, ಅಗಲ ಒಂದೂವರೆ. ಪಡುವಣಕ್ಕೆ ಕೋಟೆ, ಮೂಡಣಕ್ಕೆ ಗಂಜಾಂ, ಆ ತುದಿಯಲ್ಲಿ ಕವಲುಗಳು ಮತ್ತೆ ಕೂಡುವ ಸಂಗಮ. ನಿಮಿಷಾಂಬ ದೇವಸ್ಥಾನದ ಮೆಟ್ಟಿಲಲ್ಲಿ ಕಾಲು ತೊಳೆದು ಬಂದವರೂ ದ್ವೀಪ ನೋಡಿಲ್ಲ ಅನ್ನುತ್ತಾರೆ. ಕಾಲು ತೊಳೆದದ್ದು ಯಾವುದರಲ್ಲಿ ಕಣ್ರೀ?

ನೀರು ಕಮ್ಮಿ ಅನ್ನುವುದೇನೋ ನಿಜ. ಮೇಲುಗಡೆ ಕೆಆರ್‌ಎಸ್ ಇದೆ. ನಾಲೆಗಳಿಗೆ ಹೋಗಿ ಮಿಕ್ಕಿದ್ದು ಇಲ್ಲಿಗೆ ಬರುತ್ತದೆ, ಬೇಸಿಗೆಯಲ್ಲಿ ಬಂಡೆ ಎದ್ದು ಕಾಣುತ್ತದೆ. ಆದರೆ ಅಣೆಕಟ್ಟು ಇಲ್ಲದ ಕಾಲದಲ್ಲೂ ಬೇಸಿಗೆಯ ಕಥೆ ಇದೇ. ಸಾಲದ್ದಕ್ಕೆ ನದಿ ತಗ್ಗಿನಲ್ಲಿದೆ, ಊರು ಎತ್ತರದಲ್ಲಿದೆ. ಅದಕ್ಕೇ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಬಂಗಾರದೊಡ್ಡಿ ನಾಲೆ ಆಯಿತು. ಮೇಲಿನ ಕಟ್ಟೆಯಲ್ಲಿ ನೀರು ತಡೆದು, ಮೇಲ್ಗಾಲುವೆ ಕಟ್ಟಿ, ಕಾವೇರಿಯ ನೀರನ್ನು ಕಾವೇರಿಯ ಮೇಲೆಯೇ ದಾಟಿಸಿ ದ್ವೀಪಕ್ಕೆ ತಂದರು. ಇದನ್ನು ಯಾರೂ ಕೇಳುವುದಿಲ್ಲ.

ಟಿಪ್ಪುವಿಗೆ ಮುಳುವಾದದ್ದೂ ಈ ಬೇಸಿಗೆಯೇ. ಕೊಡಗಿನಲ್ಲಿ ಮಳೆ ಹಿಡಿದು ಹೊಳೆ ಏರಿತೆಂದರೆ ಸೈನ್ಯ ಕಾಲಿಡುವ ಹಾಗಿಲ್ಲ. ಮುತ್ತಿಗೆ ಹಾಕಿದ್ದ ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ಜನರಲ್ ಹ್ಯಾರಿಸನಿಗೆ ಅದು ಗೊತ್ತಿತ್ತು, ಅವನ ದಂಡಿನ ದವಸವೂ ತಳ ಕಂಡಿತ್ತು. ಪಡುವಣ ಮೂಲೆಯ ಗೋಡೆಯನ್ನು ಫಿರಂಗಿಯಿಂದ ಒಡೆದು, 1799ರ ಮೇ 4ರ ಮಧ್ಯಾಹ್ನ, ನೆತ್ತಿ ಸುಡುವ ಹೊತ್ತಿನಲ್ಲಿ ದಕ್ಷಿಣದ ಕವಲನ್ನು ನಡೆದೇ ದಾಟಿದರು. ಹೊಳೆ ದಾಟಿ ಒಡಕಿನ ಮೇಲೆ ಬಾವುಟ ನೆಡಲು ಕೆಲವೇ ನಿಮಿಷ ಸಾಕಾಯಿತು. ಅಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕ ಕಂಬವಿದೆ. ಅದರ ಹತ್ತಿರ ನಿಂತು ಕೆಳಗೆ ನೋಡಿ, ಎಷ್ಟು ಸಣ್ಣ ದೂರ ಅಂತ ತಿಳಿಯುತ್ತದೆ.

ಬೆಂಗಳೂರಿನವರು ನಿಜಕ್ಕೂ ಕೇಳಬೇಕಾದ್ದು, ಅಷ್ಟೊಂದು ಜನ ಎಲ್ಲಿ ಹೋದರು ಅಂತ. 1610ರಲ್ಲಿ ರಾಜ ಒಡೆಯರು ಗೆದ್ದುಕೊಂಡ ಮೇಲೆ 1799ರವರೆಗೂ ಇದೇ ರಾಜಧಾನಿ. ಗಂಜಾಂ ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದ ಅನ್ನುತ್ತದೆ ಗೆಜೆಟಿಯರ್. ಬಂದವರು ಖುಷಿಯಿಂದ ಬಂದಿರಲಿಕ್ಕಿಲ್ಲ ಬಿಡಿ. ಅವನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರು ಅನ್ನುವುದು ಕಂಪನಿಯವರು ಸರ್ವೇಗೆ ಕಳಿಸಿದ್ದ ಬುಕನನ್‌ನ ಅಂದಾಜು. 1800ರಲ್ಲಿ ಅವನೇ ಬಂದು ಮನೆ ಲೆಕ್ಕ ಹಿಡಿದು, ಮನೆಗೆ ಐದು ಜನರಂತೆ ಗುಣಿಸಿದಾಗ ಸಿಕ್ಕಿದ್ದು 31,895. 1901ರ ಜನಗಣತಿಯಲ್ಲಿ 8,584.

ರಾಜಧಾನಿ ಮೈಸೂರಿಗೆ ಹೋಯಿತು, ಅದರ ಹಿಂದೆ ಕಸುಬಿನವರೂ ಹೋದರು. ದ್ವೀಪ ಮಾತ್ರ ಕಂಪನಿಯ ಕೈಯಲ್ಲೇ ಉಳಿಯಿತು. ದ್ವೀಪದಲ್ಲೇ ಇದ್ದ ಟಿಪ್ಪುವಿನ ಲಾಲ್‌ಬಾಗ್ ಅರಮನೆಯನ್ನು ಬಿಚ್ಚಿ, ತೊಲೆಗಳನ್ನು ಊಟಿಗೆ ಸಾಗಿಸಿ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹಾಕಿದರು. ಹೋಗದೆ ಉಳಿದ ಟಿಪ್ಪುವಿನ ಸಿಡಿಮದ್ದಿನ ಮನೆಯೊಂದನ್ನೂ ರೈಲ್ವೆಯವರು ಬಿಡಲಿಲ್ಲ. ಜೋಡಿ ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಇಡೀ ಕಟ್ಟಡವನ್ನು ಜಾಕಿ ಕೊಟ್ಟು ಎತ್ತಿ, ನೂರು ಮೀಟರಿಗೂ ಆಚೆ ಜರುಗಿಸಿ ಕೂರಿಸಿದರು.

ಉಳಿದಿದ್ದ ಇಂಗ್ಲಿಷ್ ದಂಡನ್ನು ಓಡಿಸಿದ್ದು ಜ್ವರ. ಕಂದಕದಲ್ಲಿ ನಿಂತ ನೀರು, ಸುತ್ತ ಗದ್ದೆ, ಸೊಳ್ಳೆಗೆ ಇನ್ನೇನು ಬೇಕು? ಮಲೇರಿಯಾ ತಡೆಯಲಾರದೆ 1809ರಲ್ಲಿ ದಂಡು ಹಲಸೂರಿನ ಹತ್ತಿರ ಬೀಡುಬಿಟ್ಟಿತು. ಅದೇ ನಿಮ್ಮ ಕಂಟೋನ್ಮೆಂಟು. ಎಂ.ಜಿ. ರೋಡು, ಕಮರ್ಷಿಯಲ್ ಸ್ಟ್ರೀಟು, ಕಬ್ಬನ್ ರೋಡು, ಎಲ್ಲಕ್ಕೂ ಮೂಲ ಗಂಜಾಮಿನ ಸೊಳ್ಳೆ ಅಂದರೆ ಯಾರೂ ನಂಬುವುದಿಲ್ಲ, ನಗುತ್ತಾರೆ. ನಗಿ. ದ್ವೀಪವನ್ನು ಮೈಸೂರಿಗೇ ವರ್ಷಕ್ಕೆ 50,000 ರೂಪಾಯಿಗೆ ಗುತ್ತಿಗೆ ಕೊಟ್ಟು ಬಾಡಿಗೆ ಎಣಿಸುತ್ತಿದ್ದವರು, 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಅದಲುಬದಲು ಮಾಡಿಕೊಂಡರು. ಶ್ರೀರಂಗಪಟ್ಟಣ ಮೈಸೂರಿಗೆ, ಬೆಂಗಳೂರಿನ ದಂಡು ಪ್ರದೇಶ ಇಂಗ್ಲಿಷರಿಗೆ. 1947ರಲ್ಲಿ ದಂಡೂ ಮೈಸೂರಿಗೆ ಸೇರಿತು. ಜಾಗದ ವ್ಯವಹಾರದಲ್ಲಿ ನಮ್ಮವರು ಗೆದ್ದದ್ದು ಅದೊಂದೇ ಸಲವೇನೋ.

ಇಷ್ಟಾದರೂ ನೀರೇ ನೋಡಬೇಕು ಅನ್ನುವವರು ಜುಲೈ, ಆಗಸ್ಟಿನಲ್ಲಿ ಕೆಆರ್‌ಎಸ್ ತುಂಬಿ ಗೇಟು ತೆಗೆದ ಸುದ್ದಿ ಬಂದ ಮೇಲೆ ಹೊರಡಿ. ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದರೆ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಮೇಲೂ ಹೊಳೆ ಹತ್ತುತ್ತದೆ, ಸಂಗಮದ ಮೆಟ್ಟಿಲು ಮುಳುಗುತ್ತವೆ. ಗಾಡಿ ದೂರ ನಿಲ್ಲಿಸಿ, ಎತ್ತರದಲ್ಲಿ ನಿಂತು ನೋಡಿ. ಗೇಟು ಇನ್ನಷ್ಟು ತೆಗೆದರೆ ನಿಮಗೆ ಹೇಳಿ ತೆಗೆಯುವುದಿಲ್ಲ, ಪಾಚಿ ಕಟ್ಟಿದ ಬಂಡೆ ಕಾಲು ನಿಲ್ಲಿಸುವುದಿಲ್ಲ. ಸೆಲ್ಫಿಗೆ ಅಂತ ಕೆಳಗಿಳಿಯಬೇಡಿ.