ಏಸಿ ಕೆಳಗಿನ ಕುರ್ಚಿ

ನಮ್ಮ ಆಫೀಸಿನಲ್ಲಿ ಏಸಿ ಕೆಳಗಿನ ಕುರ್ಚಿ ಅಂದ್ರೆ ಯಾರಿಗೂ ಬೇಡ. ಅದನ್ನೇ ಬೇಕು ಅಂತ ನಮ್ಮ ಟೀಮಿನ ಒಬ್ಬರು ಕೇಳಿದಾಗ ನಾನು ನಕ್ಕಿದ್ದೆ. ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಂಎಸ್, ಇದೆ ಅಂತ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ.

ಮಿದುಳು, ಬೆನ್ನುಹುರಿಯ ನರಗಳಿಗೆ ಒಂದು ಹೊದಿಕೆ ಇರುತ್ತದೆ. ಎಂಎಸ್ ಇದ್ದವರಲ್ಲಿ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಅದನ್ನು ಹಾಳು ಮಾಡುತ್ತದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಂಥ ನರಗಳಿಗೆ ಬಿಸಿ ಆಗಿಬರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಬಸ್ ಇಳಿದು ಬಂದರೆ ಇವರಿಗೆ ಕಣ್ಣು ಮಂಜು, ಕಾಲು ಭಾರ. ಅರ್ಧ ಗಂಟೆ ತಣ್ಣಗೆ ಕೂತರೆ ಮತ್ತೆ ಸರಿ. ಹಾಗಾಗಿ ಆ ಕುರ್ಚಿ.

ಸಾಮಾನ್ಯವಾಗಿ 20ರಿಂದ 40ರೊಳಗೆ ಶುರುವಾಗುವ ಕಾಯಿಲೆ ಇದು, ಹೆಂಗಸರಲ್ಲಿ ಜಾಸ್ತಿ. ಕೆಲಸ ಕಲಿತು ಒಂದು ಮಟ್ಟಕ್ಕೆ ಬರುವ ವಯಸ್ಸು, ನೋಡಿ.

ನಾನು ಎರಡು ತಪ್ಪು ಮಾಡಿದೆ. ಮೊದಲು, "ನೋಡೋಕೆ ಚೆನ್ನಾಗೇ ಇದ್ದೀರಲ್ಲ" ಅಂದೆ. ಆಮೇಲೆ ಪಾಪ ಅನಿಸಿ, ಅವರನ್ನು ಒಂದು ಮಾತೂ ಕೇಳದೆ, ಅವರು ಆರು ತಿಂಗಳಿಂದ ನೋಡಿಕೊಳ್ಳುತ್ತಿದ್ದ ದೊಡ್ಡ ಕ್ಲೈಂಟನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ಎರಡನೆಯದೇ ಅವರಿಗೆ ಜಾಸ್ತಿ ನೋವಾಗಿದ್ದು. "ಸರ್, ಕೆಲಸ ಕಿತ್ಕೋಬೇಡಿ, ಟೈಮ್ ಬದಲಾಯಿಸಿ ಸಾಕು" ಅಂದರು.

ಬದಲಾಯಿಸಿದೆವು. ಬೆಳಿಗ್ಗೆ ಏಳೂವರೆಗೆ ಬಂದು ಮೂರೂವರೆಗೆ ಹೊರಡುತ್ತಾರೆ. ತಲೆ ಓಡಿಸಬೇಕಾದ ಮೀಟಿಂಗ್ ಎಲ್ಲ ಹನ್ನೊಂದರೊಳಗೆ. ಊಟ ಆದಮೇಲೆ ಇಪ್ಪತ್ತು ನಿಮಿಷ ಕಾಲು ಚಾಚಿ ಮಲಗಲು ಸ್ಟೋರ್ ರೂಮಿನಲ್ಲಿ ಒಂದು ಮಂಚ ಹಾಕಿದೆವು. ಕಂಪನಿಗೆ ಆದ ಖರ್ಚು ಅಂದ್ರೆ ಆ ಮಂಚ. ಕ್ಲೈಂಟ್ ವಾಪಸ್ ಅವರಿಗೇ ಹೋದ. ಅವನಿಗಂತೂ ಏನೂ ಗೊತ್ತಾಗಲೇ ಇಲ್ಲ.

ಕಾನೂನು ನೋಡಿದ್ದು ಆಮೇಲೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಎಂಎಸ್ ಇದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತು ಅಂತ ಸರ್ಕಾರಿ ನೌಕರರನ್ನು ತೆಗೆಯುವ ಹಾಗಿಲ್ಲ. ಆದರೆ ಅದೇ ಕಾಯ್ದೆಯ ಶೇ. 4 ಉದ್ಯೋಗ ಮೀಸಲಾತಿಯ ಪಟ್ಟಿಯಲ್ಲಿ ಎಂಎಸ್ ಹೆಸರಿಲ್ಲ! ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ಕೊಂಡ ಹಾಗಲ್ವಾ? ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿ ಬರೆದಿಡಬೇಕು. ನಮ್ಮಲ್ಲೂ ಒಂದು ಪಿಡಿಎಫ್ ಇತ್ತು. ಯಾರೂ ತೆರೆದಿರಲಿಲ್ಲ, ನಾನೂ ಸೇರಿ.

ಏಸಿ ರಿಮೋಟ್ ಈಗ ಅವರ ಡ್ರಾಯರಿನಲ್ಲಿದೆ. ನಾನು ಸುಮ್ನೆ ಸ್ವೆಟರ್ ಹಾಕಿಕೊಂಡು ಕೂರುತ್ತೇನೆ.