ಇಲ್ಲ ಅನ್ನದವರಿಗೇ ಮೊದಲ ಫೋನ್

ಹೋದ ಭಾನುವಾರ ಪಕ್ಕದ ಮನೆಯ ಅಜ್ಜಿ ಕೈಯಲ್ಲೊಂದು ಹಳೆಯ ಅಲ್ಯೂಮಿನಿಯಂ ಪಾತ್ರೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಅವರಿಗೀಗ 82 ವರ್ಷ. ಮನೆ ಮಾರಿ ಮಗಳ ಊರಿಗೆ ಹೊರಟಿದ್ದಾರೆ. ಮೂರು ವಾರದಿಂದ ಬೀದಿಯವರಿಗೆಲ್ಲ ಒಂದೊಂದೇ ಸಾಮಾನು ಹಂಚುತ್ತಿದ್ದಾರೆ. ನಮ್ಮ ಪಾಲಿಗೆ ಆಗಲೇ ಒಂದು ಏಣಿ, ಎರಡು ಹೂಕುಂಡ ಬಂದಿದ್ದವು. ಈಗ ಈ ಪಾತ್ರೆ. ಹಿಡಿ ಸಡಿಲವಾಗಿದೆ, ತಳ ನಾಲ್ಕೈದು ಕಡೆ ನೆಗ್ಗಿದೆ.

"ಇದು ನಿನಗೇ ಸೇರಬೇಕು. ನಿನಗೋಸ್ಕರ ಬಡಿದೇ ಹೀಗಾಗಿದ್ದು" ಅಂದರು.

ತಕ್ಷಣ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು. 2020ರ ಆ ಗುರುವಾರಗಳು. ಮಾರ್ಚ್ 26ರಿಂದ ಮೇ 28ರವರೆಗೆ ಹತ್ತು ಗುರುವಾರ, ರಾತ್ರಿ ಎಂಟಕ್ಕೆ ಸರಿಯಾಗಿ ಬ್ರಿಟನ್ನಿನ ಜನ ಬಾಗಿಲಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಬೀದಿಯಲ್ಲಿ ಈ ಅಜ್ಜಿಯದೇ ಜೋರು. ಮರದ ಸೌಟಿನಿಂದ ಪಾತ್ರೆ ಬಡಿಯುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನ ಈ ಸಣ್ಣ ಬೀದಿಯಲ್ಲಿ ಆಸ್ಪತ್ರೆ ಕೆಲಸದವಳು ನಾನೊಬ್ಬಳೇ.

ಟೀ ಕುಡಿದು ಹೊರಡುವಾಗ ಅಜ್ಜಿ ಹೊಸ್ತಿಲ ಮೇಲೆ ನಿಂತರು. "ಬಹಳ ದಿನದಿಂದ ಕೇಳಬೇಕು ಅಂತಿದ್ದೆ. ಒಂದು ಗುರುವಾರವೂ ನೀನು ಬಾಗಿಲಿಗೆ ಬರಲಿಲ್ಲ. ಎಷ್ಟೋ ಸಲ ಕಾರು ಮನೆ ಮುಂದೆಯೇ ಇರುತ್ತಿತ್ತು. ನಮ್ಮ ಮೇಲೆ ಕೋಪ ಇತ್ತಾ?"

"ಅಯ್ಯೋ, ಇಲ್ಲ. ಸುಸ್ತಾಗಿ ಮಲಗಿಬಿಡುತ್ತಿದ್ದೆ" ಅಂದೆ.

ಸುಳ್ಳು ಹೇಳಿದೆ. ಮಲಗಿರಲಿಲ್ಲ. ಆ ಹೊತ್ತಿಗೆ ನಾನು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಫೋನ್ ಮಾಡುತ್ತಿರುತ್ತಿದ್ದೆ. ಆಗ ನಾನಿದ್ದದ್ದು ಮಹಡಿಯ ಕೋಣೆಯಲ್ಲಿ, ಗಂಡ ಮತ್ತು ಮಗ ಕೆಳಗೆ. ಮೂರನೇ ಮೆಟ್ಟಿಲು ನಮ್ಮ ಗಡಿ. ಗಂಡ ಅಲ್ಲಿ ಊಟದ ತಟ್ಟೆ ಇಟ್ಟು ಹಿಂದೆ ಸರಿದ ಮೇಲೆ ನಾನು ಇಳಿದು ತೆಗೆದುಕೊಳ್ಳುತ್ತಿದ್ದೆ. ಒಂದು ಕೈಯಲ್ಲಿ ಅನ್ನ ಸಾರು, ಇನ್ನೊಂದು ಕೈಯಲ್ಲಿ ಫೋನ್, ಹೊರಗೆ ಚಪ್ಪಾಳೆ. ಮಗ ಕಿಟಕಿಯಿಂದ ಕೂಗುತ್ತಿದ್ದ, "ಅಮ್ಮಾ, ನಿನಗೇ ತಟ್ಟುತ್ತಿದ್ದಾರೆ, ಬಾ." ನಾನು ಕೈಸನ್ನೆಯಲ್ಲೇ ಸುಮ್ಮನಿರು ಅನ್ನುತ್ತಿದ್ದೆ. ಆ ಕಡೆಯವರ ಮಾತು ಕೇಳಿಸುತ್ತಿರಲಿಲ್ಲ.

ನಮ್ಮದು ಆಪರೇಷನ್ ಆದವರ ವಾರ್ಡು. ನಾನು ಅದರ ಇನ್‌ಚಾರ್ಜ್. ಮಾರ್ಚ್ ಮಧ್ಯದಲ್ಲಿ ತುರ್ತಿಲ್ಲದ ಆಪರೇಷನ್‌ಗಳನ್ನು ಮುಂದೂಡಿ ಅಂತ ಮೇಲಿನಿಂದ ಆದೇಶ ಬಂತು. ವಾರ ಕಳೆಯುವುದರೊಳಗೆ ನಮ್ಮದು ಕೋವಿಡ್ ವಾರ್ಡಾಯಿತು. ನನ್ನ ಹುಡುಗಿಯರಲ್ಲಿ ಅರ್ಧದಷ್ಟು ಜನ ಐಸಿಯುಗೆ ಹೋಗಬೇಕಾಯಿತು. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ಐಸಿಯು ನರ್ಸ್ ಅನ್ನುವುದು ಇಲ್ಲಿಯ ಪದ್ಧತಿ. ಆ ದಿನಗಳಲ್ಲಿ ಒಬ್ಬರು ಆರು ರೋಗಿಗಳವರೆಗೂ ನೋಡಬಹುದು, ಕೈಕೆಳಗೆ ಬೇರೆ ವಾರ್ಡಿನಿಂದ ಬಂದವರನ್ನು ಇಟ್ಟುಕೊಳ್ಳಲಿ ಅಂತ ಸಡಿಲ ಮಾಡಿದರು. ಆ "ಬೇರೆ ವಾರ್ಡಿನಿಂದ ಬಂದವರು" ಅಂದರೆ ನಮ್ಮವರು. ಹೊಲಿಗೆ ಬಿಚ್ಚಿ, ಡ್ರೆಸ್ಸಿಂಗ್ ಮಾಡಿ, ರೋಗಿಯನ್ನು ನಗಿಸಿ ಮನೆಗೆ ಕಳಿಸಿ ಅಭ್ಯಾಸ ಇದ್ದವರು. ಅವರನ್ನು ಕರೆದೊಯ್ದು ಉಸಿರಾಡುವ ಮೆಷಿನ್ ಮುಂದೆ ನಿಲ್ಲಿಸಿದೆವು.

ಲಂಡನ್ನಿನಲ್ಲಿ ಒಂದು ದೊಡ್ಡ ಪ್ರದರ್ಶನ ಭವನವನ್ನು ಒಂಬತ್ತೇ ದಿನದಲ್ಲಿ ಆಸ್ಪತ್ರೆ ಮಾಡಿದ್ದು ನಿಮಗೆ ನೆನಪಿರಬಹುದು. ನೈಟಿಂಗೇಲ್ ಆಸ್ಪತ್ರೆ ಅಂತ ಹೆಸರು, 2020ರ ಏಪ್ರಿಲ್ 3ಕ್ಕೆ ತೆರೆದರು. 4,000 ಹಾಸಿಗೆಯವರೆಗೂ ಹಾಕುವ ಯೋಜನೆ. ಇಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲೂ ಅಂಥದ್ದೊಂದು ಆಯಿತು. ಹಾಸಿಗೆ ಒಂಬತ್ತು ದಿನದಲ್ಲಿ ಬಂತು, ಸರಿ. ಐಸಿಯು ನರ್ಸ್ ಒಬ್ಬಳು ತಯಾರಾಗುವುದಕ್ಕೆ ವರ್ಷಗಳು ಬೇಕಲ್ವಾ? ಕೋವಿಡ್ ಬರುವ ಮೊದಲೇ ಇಂಗ್ಲೆಂಡ್‌ನಲ್ಲಿ ಸುಮಾರು 40,000 ನರ್ಸ್ ಹುದ್ದೆ ಖಾಲಿ ಇತ್ತು. ನರ್ಸಿಂಗ್ ಓದುವವರಿಗೆ ಸರ್ಕಾರ ಕೊಡುತ್ತಿದ್ದ ಸಹಾಯಧನವನ್ನು 2017ರಲ್ಲಿ ನಿಲ್ಲಿಸಿದ್ದರು. ಆ ಖಾಲಿ ಜಾಗ ಕಡೆಗೆ ಬಂದು ಕೂರುವುದು ಎಲ್ಲಿ? ನನ್ನಂಥ ಇನ್‌ಚಾರ್ಜ್ ಹಾಕುವ ಡ್ಯೂಟಿ ಪಟ್ಟಿಯಲ್ಲಿ.

ಡ್ಯೂಟಿ ಪಟ್ಟಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಪಿಪಿಇ ಬಗ್ಗೆ ಬರೆದರು, ಮಾಸ್ಕ್ ಒತ್ತಿ ಮುಖದ ಮೇಲೆ ಬಿದ್ದ ಗಾಯದ ಫೋಟೋ ಹಾಕಿದರು. ಅದೆಲ್ಲ ನಿಜವೇ. ಆದರೆ ನನ್ನ ಪಾಲಿನ ಕೋವಿಡ್ ಅಂದರೆ ಆ ಪಟ್ಟಿ. ರಾತ್ರಿ ಪಾಳಿಯವರು ಏಳೂವರೆಗೆ ಬರುತ್ತಾರೆ. ಏಳೂಮುಕ್ಕಾಲಿಗೆ ಎಷ್ಟು ಜನ ಬಂದಿಲ್ಲ ಅಂತ ಗೊತ್ತಾಗುತ್ತದೆ. ಎಂಟಕ್ಕೆ ಮೇಟ್ರನ್, ಅಂದರೆ ನನ್ನ ಮೇಲಿನ ಹಿರಿಯ ನರ್ಸ್, ನನಗೆ ಫೋನ್ ಮಾಡುತ್ತಾರೆ, "ಐಸಿಯುಗೆ ಇನ್ನೂ ಇಬ್ಬರು ಬೇಕು, ಹೇಗಾದರೂ ಮಾಡು." ಒಬ್ಬಳಿಗೆ ಕೆಮ್ಮು ಬಂದರೆ ಅವಳು ಆಗ ಏಳು ದಿನ ಮನೆಯಲ್ಲಿರಬೇಕಿತ್ತು. ಅವಳ ಜೊತೆ ಒಂದೇ ಮನೆಯಲ್ಲಿರುವವರು ಹದಿನಾಲ್ಕು ದಿನ. ಪರೀಕ್ಷೆ ಮಾಡಿಸಿ ಬೇಗ ವಾಪಸ್ ಕರೆಯೋಣ ಅಂದರೆ ಮೊದಮೊದಲು ಕಿಟ್ ಸಿಗುತ್ತಿರಲಿಲ್ಲ. ಹೊರದೇಶದಿಂದ ಬಂದ ನಮ್ಮ ಹುಡುಗಿಯರು ಬಾಡಿಗೆ ಉಳಿಸಲು ನಾಲ್ವರು ಸೇರಿ ಒಂದು ಮನೆ ಮಾಡಿಕೊಂಡಿರುತ್ತಾರೆ. ಒಬ್ಬಳು ಕೆಮ್ಮಿದರೆ ಪಟ್ಟಿಯಿಂದ ನಾಲ್ಕು ಹೆಸರು ಹೋಗುತ್ತಿತ್ತು.

ಏಪ್ರಿಲ್‌ನ ಒಂದು ಗುರುವಾರ ಹಾಗೆಯೇ ಫೋನ್ ಹಿಡಿದು ಕೂತಿದ್ದೆ. ಪಟ್ಟಿಯಲ್ಲಿ ರಜೆ ಮೇಲಿದ್ದವರ ಹೆಸರು ಒಂಬತ್ತು. ಇಲ್ಲಿಯವಳೊಬ್ಬಳಿದ್ದಾಳೆ, ಒಳ್ಳೆಯ ಕೆಲಸಗಾರ್ತಿ. ಅವಳಿಗೆ ಮಾಡಿದರೆ "ಸಾರಿ, ನಾಲ್ಕು ದಿನ ಸತತ ಮಾಡಿದ್ದೇನೆ, ಇವತ್ತು ಆಗಲ್ಲ" ಅನ್ನುತ್ತಾಳೆ. ಹಾಗನ್ನುವುದು ಅವಳ ಹಕ್ಕು. ಇನ್ನೊಬ್ಬಳು ಫೋನ್ ಎತ್ತುವುದಿಲ್ಲ. ನನ್ನ ಬೆರಳು ನೇರವಾಗಿ ಒಂದು ಹೆಸರಿಗೆ ಹೋಯಿತು. ಕೇರಳದಿಂದ ಬಂದು ಆರು ತಿಂಗಳಾಗಿದ್ದ ಹುಡುಗಿ. ಓದಿದ್ದು ನಮ್ಮ ಮಂಗಳೂರಿನಲ್ಲಿ, ಚೂರುಪಾರು ಕನ್ನಡವೂ ಬರುತ್ತದೆ. ಐಸಿಯು ಬಾಗಿಲನ್ನು ಅವಳು ಹೊರಗಿನಿಂದ ನೋಡಿದ್ದಳಷ್ಟೇ.

ನಾನು ಇನ್ನೂ ಏನು ಅಂತ ಹೇಳಿಯೇ ಇರಲಿಲ್ಲ. "ಆಯ್ತು ಸಿಸ್ಟರ್, ಬರ್ತೀನಿ" ಅಂದಳು.

ಹೊರಗೆ ಅಜ್ಜಿಯ ಪಾತ್ರೆ ಸದ್ದು ಮಾಡುತ್ತಿತ್ತು.

ಅವಳು ಇಲ್ಲ ಅನ್ನುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ಮಾಡಿದ್ದು. ಅವಳ ವೀಸಾ ಆಸ್ಪತ್ರೆಯ ಕೆಲಸಕ್ಕೆ ಕಟ್ಟಿಕೊಂಡಿದೆ ಅಂತ ಗೊತ್ತಿತ್ತು. ಊರಲ್ಲಿ ಓದಿನ ಸಾಲ ಇದೆ ಅಂತ ಗೊತ್ತಿತ್ತು. ಎಲ್ಲಕ್ಕಿಂತ ಜಾಸ್ತಿ, ಅವಳನ್ನು ಹೇಗೆ ಬೆಳೆಸಿರುತ್ತಾರೆ ಅಂತ ನನಗೆ ಗೊತ್ತಿತ್ತು. ನಾನೂ ಹಾಗೇ ಬೆಳೆದವಳು. ನರ್ಸಿಂಗ್ ಶಾಲೆಯಲ್ಲಿ ಸೂಜಿ ಹಾಕುವುದಕ್ಕಿಂತ ಮೊದಲು ನಾವು ಕಲಿತದ್ದು ಎದ್ದು ನಿಲ್ಲುವುದು, ತಲೆ ತಗ್ಗಿಸುವುದು, ಆಯ್ತು ಅನ್ನುವುದು. ಡಾಕ್ಟರ್ ಬಂದರೆ ಆಯ್ತು. ಸೂಪರಿಂಟೆಂಡೆಂಟ್ ಬಂದರೆ ಆಯ್ತು. ಎದುರು ಮಾತಾಡಿದವಳಿಗೆ "ಬಾಯಿ ಜೋರು" ಅಂತ ಹೆಸರು ಬಿದ್ದರೆ ಅದು ಕೋರ್ಸ್ ಮುಗಿಯುವವರೆಗೂ ಹೋಗುವುದಿಲ್ಲ. ಅಲ್ಲಿ ಕಲಿತದ್ದನ್ನು ಹೊತ್ತುಕೊಂಡು ನಾವು ವಿಮಾನ ಹತ್ತುತ್ತೇವೆ. ಇಲ್ಲಿಯವರು ಅದನ್ನು "ಎಷ್ಟು ಒಳ್ಳೆಯ ಹುಡುಗಿಯರು" ಅಂತ ಮೆಚ್ಚುತ್ತಾರೆ. ಮೊದಲ ತಿಂಗಳುಗಳಲ್ಲಿ ತೀರಿಕೊಂಡ ಆಸ್ಪತ್ರೆ ಸಿಬ್ಬಂದಿಯ ಫೋಟೋಗಳು ಪೇಪರಿನಲ್ಲಿ ಬಂದಾಗ ಎಷ್ಟೊಂದು ಮುಖಗಳು ನಮ್ಮಂಥವೇ. ಫಿಲಿಪ್ಪೀನ್ಸ್‌ನವರು, ಆಫ್ರಿಕಾದವರು, ನಮ್ಮ ಕಡೆಯವರು. ಅದಕ್ಕೆ ಕಾರಣ ಒಂದೇ ಅಲ್ಲ. ಆದರೆ ಯಾರಿಗೆ ಮೊದಲು ಫೋನ್ ಹೋಗುತ್ತಿತ್ತು ಅನ್ನುವುದನ್ನು ನಾನು ಬಲ್ಲೆ.

ಐದನೇ ದಿನಕ್ಕೆ ಆ ಹುಡುಗಿಗೆ ಜ್ವರ ಬಂತು. ಹನ್ನೆರಡು ದಿನ ಮಲಗಿದ್ದಳು. ದಿನಾ ಬೆಳಿಗ್ಗೆ ಮೆಸೇಜ್ ಹಾಕುತ್ತಿದ್ದಳು, "ಸಾರಿ ಸಿಸ್ಟರ್, ಇವತ್ತೂ ಬರಲಾಗಲ್ಲ." ಸಾರಿ ಕೇಳಬೇಕಾದವಳು ನಾನು. ನಾನು "ರೆಸ್ಟ್ ತಗೋ ಮರಿ" ಅಂತ ಮಾತ್ರ ಹಾಕಿದೆ. ದೇವರ ದಯೆ, ಹುಷಾರಾದಳು.

ಇದನ್ನೆಲ್ಲ ನೆನೆಯುವಾಗ ನನಗೆ ಹಾಸನ ಜಿಲ್ಲೆಯ ಸಣ್ಣ ಆಸ್ಪತ್ರೆಯೊಂದರ ನಮ್ಮ ಇನ್‌ಚಾರ್ಜ್ ಸಿಸ್ಟರ್ ಕಣ್ಣ ಮುಂದೆ ಬರುತ್ತಾರೆ. ನನ್ನ ಮೊದಲ ಕೆಲಸ ಅಲ್ಲಿ. ಡ್ಯೂಟಿ ಪಟ್ಟಿಗೆ ಅವರ ಹತ್ತಿರ ಉದ್ದನೆಯ ರಟ್ಟಿನ ರಿಜಿಸ್ಟರ್. ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು, ರಾತ್ರಿ ಪಾಳಿಗೆ ಕೆಂಪು ಶಾಯಿ. ಹಬ್ಬದ ತಿಂಗಳು ಬಂದರೆ ಮೊದಲು ದೀಪಾವಳಿ ರಾತ್ರಿಯ ಚೌಕದಲ್ಲಿ ತಮ್ಮ ಹೆಸರು ಬರೆದುಕೊಳ್ಳುತ್ತಿದ್ದರು. ಆಮೇಲೆ ರಿಜಿಸ್ಟರ್ ತೆರೆದಿಟ್ಟು "ಯಾರಿಗೆ ಏನು ತೊಂದರೆ ಇದೆ, ಈಗಲೇ ಹೇಳ್ರವ್ವ, ಆಮೇಲೆ ಮುಖ ಊದಿಸ್ಕೋಬೇಡಿ" ಅನ್ನುತ್ತಿದ್ದರು. ನಾವು ಹೇಳುತ್ತಿದ್ದೆವು. ಆ ಒಬ್ಬರ ಮುಂದೆ ಮಾತ್ರ ನಮಗೆ ಬಾಯಿ ಬರುತ್ತಿತ್ತು. ನಾಯಕತ್ವ ಅಂತ ಇಲ್ಲಿ ನನ್ನನ್ನು ಎಷ್ಟು ತರಬೇತಿಗೆ ಕಳಿಸಿದ್ದಾರೋ, ಆ ಕೆಂಪು ಶಾಯಿಯ ಚೌಕದಷ್ಟು ಯಾವುದೂ ಮನಸ್ಸಿನಲ್ಲಿ ನಿಂತಿಲ್ಲ.

ಊರಲ್ಲಿ ನಮ್ಮಕ್ಕನ ಮಗಳು ಗುತ್ತಿಗೆ ನರ್ಸ್. 2021ರ ಎರಡನೇ ಅಲೆಯಲ್ಲಿ ಅವಳು ವಾರಗಟ್ಟಲೆ ಮನೆಗೆ ಹೋಗಲಿಲ್ಲ. ಸಂಬಳ ಎರಡು ತಿಂಗಳು ತಡ. "ಚಿಕ್ಕಮ್ಮ, ಕೇಳಿದ್ರೆ ಗುತ್ತಿಗೆ ಮುಂದುವರಿಸಲ್ಲ ಅಂತಾರೆ" ಅಂದಿದ್ದಳು. ನಮ್ಮ ದೇಶದಲ್ಲಿ ತಟ್ಟೆ ಬಡಿದದ್ದು ಇಲ್ಲಿಗಿಂತ ನಾಲ್ಕು ದಿನ ಮೊದಲೇ, 2020ರ ಮಾರ್ಚ್ 22ಕ್ಕೆ. ಅದೇ ವರ್ಷದ ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಕೆಲಸ ನಿಲ್ಲಿಸಬೇಕಾಯಿತು. ಇಲ್ಲಿ ಮರುವರ್ಷದ ಮಾರ್ಚ್‌ನಲ್ಲಿ ಸರ್ಕಾರ ಶೇಕಡಾ 1 ಸಂಬಳ ಏರಿಸುತ್ತೇವೆ ಅಂದಿತು. ಕೂಗಾಡಿದ ಮೇಲೆ 3 ಆಯಿತು. 2022ರ ಡಿಸೆಂಬರ್ 15ರಂದು ಇಂಗ್ಲೆಂಡ್‌ನ ನರ್ಸ್‌ಗಳು ತಮ್ಮ ಸಂಘದ 106 ವರ್ಷದ ಇತಿಹಾಸದಲ್ಲಿ ಮೊದಲ ಸಲ ಮುಷ್ಕರಕ್ಕೆ ಇಳಿದರು. ಹೆಮ್ಮೆಯ ಒಂದು ವಿಷಯವನ್ನೂ ಹೇಳಬೇಕು. 2020ರ ಡಿಸೆಂಬರ್ 8ರಂದು ನಮ್ಮ ಪಕ್ಕದ ಕವೆಂಟ್ರಿಯಲ್ಲಿ 90 ವರ್ಷದ ಮಾರ್ಗರೆಟ್ ಕೀನನ್ ಅವರಿಗೆ ಲಸಿಕೆ ಅಭಿಯಾನದ ಮೊದಲ ಚುಚ್ಚುಮದ್ದು ಕೊಟ್ಟದ್ದು ಮೇ ಪಾರ್ಸನ್ಸ್, ಫಿಲಿಪ್ಪೀನ್ಸ್‌ನಿಂದ ಬಂದ ನರ್ಸ್. ಅವತ್ತು ನಮ್ಮ ವಾರ್ಡಿನಲ್ಲಿ ಟಿವಿ ಮುಂದೆ ನಿಂತು ಅತ್ತವರಲ್ಲಿ ನಾನೂ ಇದ್ದೆ.

ಬುಧವಾರ ಅಜ್ಜಿಯ ಮನೆಗೆ ಹೋದೆ. ಕುರ್ಚಿಗಳೆಲ್ಲ ಹೋಗಿ ಎರಡೇ ಉಳಿದಿದ್ದವು. ಕೂತು ಎಲ್ಲ ಹೇಳಿದೆ. ಮಲಗಿರಲಿಲ್ಲ, ಕೋಪವೂ ಇರಲಿಲ್ಲ, ನಿಮ್ಮ ಪಾತ್ರೆಯ ಸದ್ದಿನಲ್ಲಿ ಒಂದು ಹುಡುಗಿಯನ್ನು ಕರೆಯುತ್ತಿದ್ದೆ, ಬಾಗಿಲಿಗೆ ಬಂದು ಆ ಚಪ್ಪಾಳೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ ಅಂತ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನಗೆ ಯಾರು ಫೋನ್ ಮಾಡುತ್ತಿದ್ದರು?" ಅಂದರು.

"ಮೇಟ್ರನ್."

"ನೀನು ಅವರಿಗೆ ಯಾವತ್ತಾದರೂ ಇಲ್ಲ ಅಂದಿದ್ದೀಯಾ?"

ಯೋಚಿಸಿದೆ. ಇಪ್ಪತ್ತು ವರ್ಷದ ಕೆಲಸದಲ್ಲಿ ಒಂದು ಸಲವೂ ನೆನಪಿಗೆ ಬರಲಿಲ್ಲ. ಅಜ್ಜಿ ಏನೂ ಹೇಳಲಿಲ್ಲ, ಕೈ ಮೇಲೆ ಕೈ ಇಟ್ಟರು.

ಪಾತ್ರೆ ಅಡುಗೆಮನೆಯಲ್ಲಿದೆ. ತಳ ನೆಗ್ಗಿರುವುದರಿಂದ ಒಲೆ ಮೇಲೆ ಅಲ್ಲಾಡುತ್ತದೆ, ಒಂದು ಕೈಯಲ್ಲಿ ಹಿಡಿದುಕೊಂಡೇ ಹಾಲು ಕಾಯಿಸಬೇಕು. ಇವತ್ತು ರಾತ್ರಿ ಡಿಸೆಂಬರ್ ಪಟ್ಟಿ ಹಾಕಲು ಕೂತಿದ್ದೇನೆ. ಕ್ರಿಸ್‌ಮಸ್ ರಾತ್ರಿಗೆ ನನ್ನ ಹೆಸರು ಹಾಕಿಯಾಯಿತು. ಆ ಮಂಗಳೂರಿನಲ್ಲಿ ಓದಿದ ಹುಡುಗಿ ಈಗಲೂ ನಮ್ಮ ವಾರ್ಡಿನಲ್ಲೇ ಇದ್ದಾಳೆ. ಇಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಈ ದಿನ ರಜೆ ಬೇಕು ಅಂತ ಕೇಳಿಲ್ಲ. ಅವಳ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಬೆಳಿಗ್ಗೆ ಹೋಗಿ ಕೇಳಬೇಕು, "ನಿನಗೆ ಯಾವ ದಿನ ಆಗಲ್ಲ, ಹೇಳು."