1961-62 ಅನ್ನು ಎಕ್ಸೆಲ್‌ಗೆ ಇಳಿಸುತ್ತಿದ್ದೇನೆ: ಆರು ಭಾನುವಾರಗಳ ಲೆಕ್ಕ

ಮೊದಲ ಭಾನುವಾರ

ವಾದ ಶುರುವಾಗಿದ್ದು ಬೆಳಗ್ಗೆ ಆರೂವರೆಗೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರಿಗೆ ಇಲ್ಲಿ ಅದೇ ಹೊತ್ತು. ಅರವತ್ತರ ದಶಕದ ದಿಗ್ಗಜ ವಿಲ್ಟ್ ಚೇಂಬರ್ಲಿನ್ ಇವತ್ತು ಆಡಿದ್ದರೆ ಪಂದ್ಯಕ್ಕೆ ಹದಿನೈದು ಪಾಯಿಂಟ್ ದಾಟುತ್ತಿರಲಿಲ್ಲ ಅಂದ ಗೆಳೆಯ. ಅರವತ್ತು ಹೊಡೆಯುತ್ತಿದ್ದ ಅಂದೆ ನಾನು. ಇಬ್ಬರೂ ಸುಮ್ನೆ ಬಾಯಿಗೆ ಬಂದಿದ್ದು ಹೇಳಿದ್ದು. ಅವನು ಹೋದ ಮೇಲೆ ಎಕ್ಸೆಲ್ ತೆರೆದೆ.

ಎಲ್ಲ ಕಾಲದ ದಿಗ್ಗಜರನ್ನೂ ಹಿಡಿದು ಕೂತರೆ ಈ ಜನ್ಮಕ್ಕೆ ಮುಗಿಯುವುದಿಲ್ಲ. ಒಂದೇ ಸೀಸನ್ ಸಾಕು ಅಂತ 1961-62 ಆರಿಸಿಕೊಂಡೆ. ಲೀಗ್‌ನಲ್ಲಿ ಇದ್ದದ್ದೇ 9 ತಂಡ. ಆ ವರ್ಷ ವಿಲ್ಟ್‌ನ ಸರಾಸರಿ 50.4 ಪಾಯಿಂಟ್. ಮಾರ್ಚ್ 2ರಂದು ಹರ್ಷಿಯಲ್ಲಿ ನ್ಯೂಯಾರ್ಕ್ ನಿಕ್ಸ್ ಎದುರು ಒಂದೇ ಪಂದ್ಯದಲ್ಲಿ 100 ಹೊಡೆದದ್ದೂ ಆಗಲೇ. ಆಸ್ಕರ್ ರಾಬರ್ಟ್‌ಸನ್ ಇಡೀ ಸೀಸನ್ ಟ್ರಿಪಲ್ ಡಬಲ್ ಸರಾಸರಿ ಇಟ್ಟ, ಅಂದರೆ ಮೂರು ಲೆಕ್ಕದಲ್ಲೂ ಎರಡಂಕಿ: 30.8 ಪಾಯಿಂಟ್, 12.5 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 11.4 ಅಸಿಸ್ಟ್ (ಬುಟ್ಟಿಗೆ ಬಿದ್ದ ಶಾಟ್‌ಗೆ ಕೊಟ್ಟ ಪಾಸ್). ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿ ಎಂವಿಪಿ ಮಾತ್ರ ಇಬ್ಬರಿಗೂ ಸಿಗಲಿಲ್ಲ. 18.9 ಪಾಯಿಂಟ್ ಸರಾಸರಿಯ, ಬಾಸ್ಟನ್ ತಂಡದ ಬಿಲ್ ರಸೆಲ್‌ಗೆ ಹೋಯಿತು. ಆಗ ಅದಕ್ಕೆ ಮತ ಹಾಕುತ್ತಿದ್ದವರು ಆಟಗಾರರೇ.

ಹೋಲಿಕೆಗೆ ಈಚಿನ ಒಂದು ಸೀಸನ್ ಇಟ್ಟುಕೊಂಡೆ, 2023-24.

ಎರಡನೇ ಭಾನುವಾರ

ಇಡೀ ದಿನ ಹಾಳು. ವಿಲ್ಟ್‌ನ ಸಾಲಿನಲ್ಲಿ ಪಂದ್ಯಕ್ಕೆ 48.5 ನಿಮಿಷ ಅಂತ ಇತ್ತು. ಪಂದ್ಯ ಇರುವುದೇ 48 ನಿಮಿಷ. ಟೈಪ್ ಮಾಡುವಾಗ ಅಂಕಿ ಅದಲುಬದಲಾಗಿದೆ ಅಂದುಕೊಂಡು ನಾನೇ ಜಾಣನಾಗಿ 45.8 ಅಂತ ತಿದ್ದಿದೆ. ಸಂಜೆ ಒಟ್ಟು ನಿಮಿಷ ತಾಳೆ ನೋಡಿದರೆ ಸೇರುತ್ತಿಲ್ಲ. 80 ಪಂದ್ಯ, 3882 ನಿಮಿಷ. 48.5 ಸರಿಯೇ! ಪುಣ್ಯಾತ್ಮ ಓವರ್‌ಟೈಮ್ ಸೇರಿಸಿ ಆಡಿದ್ದಾನೆ, ಬೆಂಚಿನ ಮೇಲೆ ಕೂತದ್ದೇ ಇಲ್ಲ ಅನ್ನಬೇಕು. ತಿದ್ದಿದ್ದನ್ನು ಮತ್ತೆ ತಿದ್ದಿದೆ.

ಈ ತಪ್ಪಿನಿಂದ ಒಂದು ಕಾಲಂ ಜಾಸ್ತಿ ಆಯಿತು. ಇವತ್ತು ಯಾವ ಕೋಚ್ ಕೂಡ ಯಾರನ್ನೂ ಅಷ್ಟು ಹೊತ್ತು ಆಡಿಸುವುದಿಲ್ಲ. ಹಾಗಾಗಿ ಎಲ್ಲರನ್ನೂ 36 ನಿಮಿಷಕ್ಕೆ ಇಳಿಸಿದೆ.

ಮೂರನೇ ಭಾನುವಾರ

ಈಗ ನಿಜವಾದ ಕೆಲಸ. 1961-62ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 107.7 ಶಾಟ್ ಹೊಡೆಯುತ್ತಿತ್ತು. 2023-24ರಲ್ಲಿ 88.9. ಆಗ ಬುಟ್ಟಿಗೆ ಬೀಳುತ್ತಿದ್ದದ್ದು ನೂರಕ್ಕೆ 42.6, ಈಗ 47.4. ಓಟ ಜಾಸ್ತಿ, ಗುರಿ ಕಮ್ಮಿ. ತಪ್ಪಿದ ಶಾಟ್ ಜಾಸ್ತಿಯಾದರೆ ರೀಬೌಂಡೂ ಜಾಸ್ತಿ ಅಲ್ವಾ? ತಂಡಕ್ಕೆ ಆಗ 71.4 ರೀಬೌಂಡ್, ಈಗ 43.5.

ವಿಲ್ಟ್‌ನ 25.7 ರೀಬೌಂಡನ್ನು ಈ ಪ್ರಮಾಣಕ್ಕೆ ಇಳಿಸಿದರೆ 15.7. ಆಮೇಲೆ 36 ನಿಮಿಷಕ್ಕೆ ತಂದರೆ 11.6. 2023-24ರಲ್ಲಿ ಮೊದಲ ಸ್ಥಾನದಲ್ಲಿದ್ದ ಡೊಮಾಂತಾಸ್ ಸಬೋನಿಸ್ 13.7 ಹಿಡಿದಿದ್ದ. ಪಾಯಿಂಟ್‌ಗೂ ಇದೇ ಲೆಕ್ಕ ಹಾಕಿದೆ, ರೀಬೌಂಡ್ ಬದಲು ಶಾಟ್‌ಗಳ ಪ್ರಮಾಣ ಹಿಡಿದು. 50.4 ಹೋಗಿ 30.9 ಬಂತು. ವಿಲ್ಟ್‌ನ ಫಿಲಡೆಲ್ಫಿಯಾ ಲೀಗ್‌ಗಿಂತ ಇನ್ನೂ ಬಿರುಸಾಗಿ ಆಡುತ್ತಿದ್ದ ತಂಡ. ಅದನ್ನೂ ಹಿಡಿದರೆ ಇನ್ನಷ್ಟು ಇಳಿಯುತ್ತದೆ. ಗೆಳೆಯನಿಗೆ ಇದನ್ನು ಹೇಳಿಲ್ಲ.

ಅದಾದ ಮೇಲೆ ಒಂದು ಯತ್ನಕ್ಕೆ ಎಷ್ಟು ಪಾಯಿಂಟ್ ಅನ್ನುವ ಲೆಕ್ಕ, ಅಂದರೆ ಟ್ರೂ ಶೂಟಿಂಗ್; ಯತ್ನಕ್ಕೆ ಎರಡು ಪಾಯಿಂಟ್ ಬಂದರೆ ನೂರು ಅಂತ ಅಳೆಯುವುದು. ವಿಲ್ಟ್ ಪಂದ್ಯಕ್ಕೆ 39.5 ಶಾಟ್, 17 ಫ್ರೀ ಥ್ರೋ (ಫೌಲ್‌ಗೆ ಸಿಗುವ ಎಸೆತ) ಹೊಡೆದವನು. ಲೆಕ್ಕ ಹಾಕಿದರೆ 53.6. 2023-24ರ ಲೀಗ್‌ನ ಸರಾಸರಿಯೇ 58. ಅಂದರೆ ಅವನನ್ನು ಹಾಗೇ ಎತ್ತಿಕೊಂಡು ಬಂದು ನಿಲ್ಲಿಸಿದರೆ ಸಾಧಾರಣ ಆಟಗಾರನಿಗಿಂತ ಕೆಳಗೆ. ಆದರೆ ಅವನ ಕಾಲದ ಸರಾಸರಿ 47.9 ಇತ್ತು, ಅದಕ್ಕಿಂತ ಅವನು 5.7 ಮೇಲೆ. ಅಷ್ಟೇ ಅಂತರ ಇಲ್ಲೂ ಇಟ್ಟುಕೊಂಡ ಅಂದರೆ 36.7 ಪಾಯಿಂಟ್ ಆಗುತ್ತದೆ.

ಆವತ್ತಿನಿಂದ ಪ್ರತಿಯೊಬ್ಬನಿಗೂ ಎರಡು ಕಾಲಂ. ಒಂದಕ್ಕೆ "ಹಾಗೇ ಎತ್ತಿಕೊಂಡು ಬಂದರೆ" ಅಂತ ಹೆಸರು, ಇನ್ನೊಂದಕ್ಕೆ "ಇಲ್ಲೇ ಹುಟ್ಟಿದ್ದರೆ" ಅಂತ. ಈ ವಿಷಯಕ್ಕೆ ಕಿತ್ತಾಡುವವರನ್ನು ಗಮನಿಸಿ. ಒಬ್ಬ ಮೊದಲ ಕಾಲಂ ಓದುತ್ತಿರುತ್ತಾನೆ, ಇನ್ನೊಬ್ಬ ಎರಡನೆಯದು. ನಾವಿಬ್ಬರೂ ಆವತ್ತು ಮಾಡಿದ್ದು ಅದೇ.

ನಾಲ್ಕನೇ ಭಾನುವಾರ

ಆಸ್ಕರ್ ಬೇಗ ಮುಗಿದ. ರೀಬೌಂಡ್ 12.5ರಿಂದ 6.2ಕ್ಕೆ ಬಿತ್ತು, ಅದು ಗೊತ್ತಿದ್ದದ್ದೇ. ಅಸಿಸ್ಟ್ ಬೀಳಲಿಲ್ಲ, ಅದೇ ಆಶ್ಚರ್ಯ. ಆಗ ಅಷ್ಟೊಂದು ಶಾಟ್ ಇದ್ದರೂ ತಂಡಕ್ಕೆ 23.9 ಅಸಿಸ್ಟ್ ಮಾತ್ರ, ಈಗ 26.7. ಆಗ ಅಸಿಸ್ಟ್ ಬರೆಯುವವರ ಕೈ ಬಿಗಿ ಇತ್ತು. ಅವನ 11.4 ಹಿಗ್ಗಿ 12.7 ಆಯಿತು. ಅವನು ಆಡುತ್ತಿದ್ದ 44.3 ನಿಮಿಷವನ್ನು 36ಕ್ಕೆ ತಂದ ಮೇಲೂ 10.3. ಟ್ರಿಪಲ್ ಡಬಲ್ ಹೋಯಿತು, ಆದರೆ ಎತ್ತರದ, ಗಟ್ಟಿಮೈಯ, ಹತ್ತು ಅಸಿಸ್ಟ್ ಕೊಡುವ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವನು) ಉಳಿದ. ಅಂಥವನನ್ನು ಇವತ್ತು ಯಾವ ತಂಡವೂ ಬೇಡ ಅನ್ನುವುದಿಲ್ಲ. ಮೇಲಾಗಿ ಆಗ ಡ್ರಿಬಲ್ ಮಾಡುವಾಗ, ಅಂದರೆ ಚೆಂಡು ಪುಟಿಸುವಾಗ, ಅದರ ಕೆಳಗೆ ಸ್ವಲ್ಪ ಕೈ ಹೋದರೂ ರೆಫರಿ ಸೀಟಿ ಊದುತ್ತಿದ್ದರು. ಇಂದಿನ ಸಡಿಲ ಡ್ರಿಬಲ್ ಸಿಕ್ಕಿದ್ದರೆ ಅವನಿಗೆ ಹಬ್ಬ.

ಐದನೇ ಭಾನುವಾರ

ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಹಾಕಿದರೆ ಮೂರು ಪಾಯಿಂಟ್. 1961-62ರಲ್ಲಿ ಆ ಗೆರೆಯೇ ಇರಲಿಲ್ಲ, ಬಂದಿದ್ದು 1979-80ರಲ್ಲಿ. ಮೊದಲ ವರ್ಷ ಒಂದು ತಂಡ ಪಂದ್ಯಕ್ಕೆ ಯತ್ನಿಸಿದ್ದು 2.8. 2023-24ರಲ್ಲಿ 35.1. ಗೆರೆಯೇ ಇಲ್ಲದವರಿಗೆ ಇದನ್ನು ಹೇಗೆ ಸೇರಿಸುವುದು? ಒಂದು ಪ್ರಯೋಗಕ್ಕೆ ಸೀಸನ್ ಬಿಟ್ಟು ಆಚೆ ಹೋಗಿ ಎಂಬತ್ತರ ದಶಕದ ಲ್ಯಾರಿ ಬರ್ಡ್‌ನನ್ನು ತಂದೆ.

1987-88ರಲ್ಲಿ ಬರ್ಡ್ 29.9 ಪಾಯಿಂಟ್ ಹೊಡೆದ. ತ್ರೀಯಲ್ಲಿ 237ಕ್ಕೆ 98, ಅಂದರೆ ನೂರಕ್ಕೆ 41.4. ಪಂದ್ಯಕ್ಕೆ ಬರೀ ಮೂರು ಯತ್ನ. ಸ್ಟೀಫನ್ ಕರಿ 2015-16ರಲ್ಲಿ ಪಂದ್ಯಕ್ಕೆ ಹನ್ನೊಂದು ತ್ರೀ ಯತ್ನಿಸಿದವನು. ಬರ್ಡ್‌ಗೂ ಅಷ್ಟು ಬಿಟ್ಟಿದ್ದರೆ 40 ಪಾಯಿಂಟ್ ದಾಟುತ್ತಾನೆ ಅಂತ ನನ್ನ ನಂಬಿಕೆ ಇತ್ತು.

ಕೂತು ಲೆಕ್ಕ ಹಾಕಿದೆ. ಅವನ ಆರು ದೂರದ ಎರಡು ಪಾಯಿಂಟ್ ಶಾಟ್‌ಗಳನ್ನು ಗೆರೆಯಾಚೆ ತಳ್ಳೋಣ. ಒಳಗಿದ್ದಾಗ ನೂರಕ್ಕೆ 45 ಬೀಳುತ್ತಿತ್ತು ಅಂತ ಇಟ್ಟುಕೊಂಡರೆ ಆರಕ್ಕೆ 5.4 ಪಾಯಿಂಟ್. ಆಚೆಯಿಂದ ನೂರಕ್ಕೆ 40 ಅಂದರೆ 7.2. ಲಾಭ 1.8. ಅಷ್ಟೇ! ಮೂರು ಸಲ ಲೆಕ್ಕ ಹಾಕಿದೆ, ಬದಲಾಗಲಿಲ್ಲ. ತ್ರೀ ದೊಡ್ಡ ಬದಲಾವಣೆ ತಂದದ್ದು ಬರ್ಡ್‌ನಂಥವರ ಪಾಯಿಂಟ್‌ಗೆ ಅಲ್ಲ, ಅವರ ಸುತ್ತಲಿನ ಜಾಗಕ್ಕೆ. ಐದೂ ಜನ ಗೆರೆಯಾಚೆ ನಿಂತರೆ ನಡುವೆ ಬಯಲು. ಬರ್ಡ್‌ನ ಪಾಸ್‌ಗೆ ಆ ಬಯಲು ಸಿಕ್ಕಿದ್ದರೆ ಅನ್ನುವುದು ನನ್ನ ಯಾವ ಕಾಲಂನಲ್ಲೂ ಇಲ್ಲ.

ಹಾಗಾದರೆ ವಿಲ್ಟ್ ತ್ರೀ ಕಲಿಯುತ್ತಿದ್ದನಾ? ಅವನೂ ವಿಲ್ಟ್‌ನಂತೆ ಸೆಂಟರ್, ಬುಟ್ಟಿಯ ಹತ್ತಿರ ಆಡುವ ಎತ್ತರದವನು, "ಬ್ರೂಕ್ ಲೋಪೆಜ್ ಕಲಿಯಲಿಲ್ವಾ" ಅಂತ ಕೇಳುತ್ತಾರೆ. ನಿಜ, ಮೊದಲ ಎಂಟು ಸೀಸನ್‌ನಲ್ಲಿ ತ್ರೀಯಲ್ಲಿ ಅವನದು 31ಕ್ಕೆ 3. ಒಂಬತ್ತನೆಯದರಲ್ಲಿ 387ಕ್ಕೆ 134. ಆದರೆ ಲೋಪೆಜ್ ಮೊದಲಿನಿಂದಲೂ ಫ್ರೀ ಥ್ರೋನಲ್ಲಿ ನೂರಕ್ಕೆ 80ರ ಆಸುಪಾಸಿನವನು. ಕೈ ಮೆತ್ತಗಿತ್ತು, ಹೊಡಿ ಅಂತ ಹೇಳುವವರು ಇರಲಿಲ್ಲ. ಫ್ರೀ ಥ್ರೋನಲ್ಲಿ ವಿಲ್ಟ್‌ನ ಜೀವಮಾನದ ಲೆಕ್ಕ ನೂರಕ್ಕೆ 51.1. ಅತ್ಯುತ್ತಮ ಅಂದರೆ ಇದೇ 1961-62, 61.3. ಅದೂ ತೊಡೆಯ ನಡುವಿನಿಂದ ಎರಡೂ ಕೈಯಲ್ಲಿ ಎತ್ತಿ ಎಸೆದು. ಹರ್ಷಿಯ ರಾತ್ರಿ ಹಾಗೆ ಎಸೆದೇ 32ಕ್ಕೆ 28 ಹಾಕಿದ. ಆಮೇಲೆ ಆ ಶೈಲಿ ಬಿಟ್ಟ, ನೋಡುವವರಿಗೆ ಹೆಂಗಸರ ಆಟದ ಹಾಗೆ ಕಾಣುತ್ತದೆ ಅಂತ ನಾಚಿಕೆಯಂತೆ. ಚೆನ್ನಾಗಿ ಬೀಳುತ್ತಿದ್ದದ್ದನ್ನು ನಾಚಿಕೆಗೆ ಬಿಟ್ಟವನು ತ್ರೀ ಕಲಿಯುತ್ತಿದ್ದ ಅಂತ ನಾನು ಬರೆಯಲಾರೆ. ಆ ಕೋಶಕ್ಕೆ ಸೊನ್ನೆ ಹಾಕಿದೆ. ಆದರೂ ಈ ಕಾಲದ ಸೆಂಟರ್ ಜೋಯೆಲ್ ಎಂಬೀಡ್ 2022-23ರಲ್ಲಿ 33.1 ಹೊಡೆದದ್ದನ್ನು ನೋಡಿದರೆ, ವಿಲ್ಟ್‌ಗೆ 30.9 ಅನ್ನುವುದು ಹುಚ್ಚು ಲೆಕ್ಕವೇನಲ್ಲ.

ಆರನೇ ಭಾನುವಾರ

ರಸೆಲ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಶೀಟ್ ಪ್ರಕಾರ ಅವನು ಇವತ್ತು 12.4 ಪಾಯಿಂಟ್, ಹನ್ನೊಂದೂ ಚಿಲ್ಲರೆ ರೀಬೌಂಡ್. ಯಾವ ತಂಡದಲ್ಲಿ ಬೇಕಾದರೂ ಸಿಗುವಂಥ ಸೆಂಟರ್. ಅದೇ ವರ್ಷ ಈಸ್ಟರ್ನ್ ಫೈನಲ್‌ನಲ್ಲಿ ವಿಲ್ಟ್‌ನ ತಂಡವನ್ನು ಏಳು ಪಂದ್ಯದ ಹೋರಾಟದಲ್ಲಿ ಸೋಲಿಸಿದ್ದು ಅವನ ಬಾಸ್ಟನ್. ಆಮೇಲೆ ಲೀಗ್‌ನ ಫೈನಲ್ಸ್‌ನಲ್ಲಿ ಲೇಕರ್ಸ್ ಎದುರು ಏಳನೇ ಪಂದ್ಯದಲ್ಲಿ 30 ಪಾಯಿಂಟ್, 40 ರೀಬೌಂಡ್. 13 ವರ್ಷದಲ್ಲಿ 11 ಚಾಂಪಿಯನ್ ಪಟ್ಟ. ಎದುರು ಆಡಿದವರೇ ಎಂವಿಪಿ ಮತ ಕೊಟ್ಟವನನ್ನು ನನ್ನ ಶೀಟ್ 12.4 ಅನ್ನುತ್ತಿದೆ ಅಂದರೆ ತಪ್ಪು ಶೀಟ್‌ನದೇ.

ತೊಂದರೆ ಎಲ್ಲಿ ಅಂತ ಗೊತ್ತು. ಎನ್‌ಬಿಎ ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು) ಮತ್ತು ಸ್ಟೀಲ್ (ಚೆಂಡು ಕಸಿಯುವುದು) ಎಣಿಸಲು ಶುರು ಮಾಡಿದ್ದೇ 1973-74ರಲ್ಲಿ. ರಸೆಲ್ ನಿವೃತ್ತನಾಗಿದ್ದು 1969ರಲ್ಲಿ. ಅವನ ಜೀವಮಾನದ ಕಸುಬೇ ಪಟ್ಟಿಯಲ್ಲಿಲ್ಲ. ಹಳೆಯ ಪಂದ್ಯಗಳ ತುಣುಕು ನೋಡಿದರೆ ಅವನು ಚೆಂಡನ್ನು ಗ್ಯಾಲರಿಗೆ ಬಾರಿಸುವುದಿಲ್ಲ, ತನ್ನವರ ಕೈಗೆ ಬೀಳುವಂತೆ ತಟ್ಟುತ್ತಾನೆ. ಹೈಜಂಪ್‌ನಲ್ಲೂ ಹೆಸರು ಮಾಡಿದ್ದ ಕಾಲು. ಇವತ್ತಿನ ಆಟದಲ್ಲಿ ಸೆಂಟರ್‌ಗೆ ಕೇಳುವ ಮೊದಲ ಪ್ರಶ್ನೆ, ಗಾರ್ಡ್ ಎದುರು ಗೆರೆಯ ಹತ್ತಿರ ಒಂಟಿಯಾಗಿ ನಿಲ್ಲುತ್ತೀಯಾ ಅಂತ. ಈ ಸೀಸನ್‌ನ ಮೂವರಲ್ಲಿ "ಹಾಗೇ ಎತ್ತಿಕೊಂಡು ಬಂದರೆ" ಕಾಲಂನಲ್ಲಿ ನಾನು ಬಾಜಿ ಕಟ್ಟುವುದು ರಸೆಲ್ ಮೇಲೆಯೇ. ಶಾಟ್ ಕಲಿಸಬೇಕಿಲ್ಲ, ಬದಲಾಯಿಸಬೇಕಿಲ್ಲ, ನಾಳೆ ಬೆಳಗ್ಗೆಯೇ ಇಳಿಸಬಹುದು.

ಆದರೆ ಬಾಜಿಯನ್ನು ಕೋಶದಲ್ಲಿ ಬರೆಯಲು ಆಗುವುದಿಲ್ಲ. ಅವನ ಸಾಲಿನ ಎರಡು ಕೋಶಕ್ಕೆ ಹಳದಿ ಬಣ್ಣ ಬಳಿದು ಖಾಲಿ ಬಿಟ್ಟಿದ್ದೇನೆ. ಮುಂದಿನ ಭಾನುವಾರ ಸಿಕ್ಕಷ್ಟು ತುಣುಕು ಹಾಕಿಕೊಂಡು ಬ್ಲಾಕ್‌ಗಳನ್ನು ಕೈಯಲ್ಲೇ ಎಣಿಸುವ ಯೋಚನೆ. ಗೆಳೆಯನೂ ಬರುತ್ತಾನಂತೆ, ನಾನು ಜಾಸ್ತಿ ಎಣಿಸದ ಹಾಗೆ ನೋಡಿಕೊಳ್ಳಲು.